ಆನೆ ಕೊಂಡು ಅಂಕುಶಕ್ಕೆ ಚೌಕಾಸಿ

ಮಾವಳ್ಳಿ ಹೋಬಳಿಯ ಕಡಲ ದಂಡೆಯಿಂದ ಹೋದ ಹುಡುಗನೊಬ್ಬ ಅಮೆರಿಕದಲ್ಲಿ ನೌಕರಿ ಹಿಡಿದು ಮನೆ ಮಾಡಿದ್ದಾನೆ ಎಂದಿಟ್ಟುಕೊಳ್ಳಿ. ನೆಲಮಾಳಿಗೆಯಲ್ಲಿ ಒಂದು ಹಳೆಯ ಫ್ರಿಜ್ಜು. ಅದರೊಳಗೆ ಒಂದು ಕಾಲಕ್ಕೆ ತಂಪು ಪಾನೀಯದ ಕಂಪನಿಗಳು ಬಳಸುತ್ತಿದ್ದ 19 ಲೀಟರಿನ ಉಕ್ಕಿನ ಪೀಪಾಯಿ, ಪಕ್ಕದಲ್ಲಿ ಇಂಗಾಲದ ಡೈ ಆಕ್ಸೈಡ್ ಸಿಲಿಂಡರು. ಫ್ರಿಜ್ಜಿನ ಬಾಗಿಲಿಗೆ ತೂತು ಕೊರೆದು ಕೂರಿಸಿದ ನಲ್ಲಿ. ಪೀಪಾಯಿಯಲ್ಲಿರುವುದು ಅವನೇ ಕುದಿಸಿ, ಹುಳಿಯಿಸಿ, ವಾರಗಟ್ಟಲೆ ಕಾದು ಮಾಡಿದ ಬಿಯರು. ಎಲ್ಲದಕ್ಕೂ ಕೈಬಿಚ್ಚಿ ಖರ್ಚು ಮಾಡಿದವನು ನಲ್ಲಿ ಕೊಳ್ಳುವಾಗ ಮಾತ್ರ ಇದ್ದುದರಲ್ಲೇ ಅಗ್ಗದ್ದನ್ನು ಆರಿಸಿದ. ಆನೆ ಕೊಂಡವನು ಅಂಕುಶಕ್ಕೆ ಚೌಕಾಸಿ ಮಾಡುವುದು ಎಂದರೆ ಇದೇ.

ಹತ್ತು ದಿನ ಮುಟ್ಟದೆ ಬಿಟ್ಟ ನಲ್ಲಿಯ ಹಿಡಿಕೆ ಕಚ್ಚಿಕೊಂಡಿತು. ಬಲ ಹಾಕಿ ಎಳೆದಾಗ ಬಂತೇನೋ ಸರಿ, ಆದರೆ ಪೂರ್ತಿ ಮುಚ್ಚಲಿಲ್ಲ. ಬೆಳಗಾಗುವಷ್ಟರಲ್ಲಿ ನೆಲಮಾಳಿಗೆಯ ತುಂಬ ಬಿಯರು! ವಾರಗಳ ಶ್ರಮವನ್ನು ಒರೆಸುವ ಬಟ್ಟೆಯಲ್ಲಿ ಹಿಂಡಿ ಚೆಲ್ಲಬೇಕಾಯಿತು.

ಹಾಗಾದರೆ ತಪ್ಪಿದ್ದು ಎಲ್ಲಿ? ಹಳೆಯ ಮಾದರಿಯ ಬಿಯರ್ ನಲ್ಲಿಯಲ್ಲಿ ಮುಚ್ಚುವ ಬಿರಡೆ ಹಿಂಬದಿಯಲ್ಲಿ, ಕೊಳವೆ ಬಂದು ಸೇರುವ ಕಡೆ ಇರುತ್ತದೆ. ನಲ್ಲಿ ಮುಚ್ಚಿದಾಗ ಬಿರಡೆಯಿಂದ ಮೂತಿಯವರೆಗಿನ ಭಾಗ ಖಾಲಿಯಾಗಿ ಗಾಳಿಗೆ ತೆರೆದುಕೊಳ್ಳುತ್ತದೆ. ಒಳಗೋಡೆಗೆ ಅಂಟಿದ ಬಿಯರು ಒಣಗಿ, ಅದರಲ್ಲಿರುವ ಸಕ್ಕರೆಯ ಅಂಶ ಬೆಲ್ಲದ ಪಾಕದಂತೆ ಗಟ್ಟಿಯಾಗುತ್ತದೆ. ಹಿಡಿಕೆ ಕಚ್ಚಿಕೊಳ್ಳುವುದು ಇದರಿಂದ. ಅಷ್ಟೇ ಅಲ್ಲ, ಆ ಜಿಗುಟಿಗೆ ಬೂಸ್ಟು ಹಿಡಿಯುತ್ತದೆ, ಹಣ್ಣಿನ ನೊಣಗಳು ಬರುತ್ತವೆ, ಬ್ಯಾಕ್ಟೀರಿಯಾ ಸೇರಿ ಮೊದಲ ಲೋಟವೇ ಹುಳಿ ನಾರುತ್ತದೆ.

ಇದಕ್ಕೆ ಉತ್ತರವಾಗಿ ಬಂದದ್ದು ಮುಂಬದಿಯಲ್ಲಿ ಮುಚ್ಚುವ ನಲ್ಲಿ. ಇದರ ಬಿರಡೆ ಮೂತಿಗೆ ಹತ್ತಿರ. ಮುಚ್ಚಿದಾಗಲೂ ಒಳಗೆಲ್ಲ ಬಿಯರು ತುಂಬಿಕೊಂಡೇ ಇರುವುದರಿಂದ ಗಾಳಿಗೆ ಎಡೆಯಿಲ್ಲ, ಒಣಗುವ ಮಾತಿಲ್ಲ. ಅಮೆರಿಕದ ಮಿಲ್ವಾಕಿಯ ಪರ್ಲಿಕ್ ಕಂಪನಿ ಇಂಥ ನಲ್ಲಿಗಳಿಗೆ ಹೆಸರಾಗಿದೆ. ಬೆಲೆ ಹೆಚ್ಚು. ಒಳಗಿನ ರಬ್ಬರ್ ಉಂಗುರ ಸವೆದಾಗ ಬದಲಿಸಬೇಕು. ಆದರೆ ದಿನವೂ ಲೋಟ ತುಂಬಿಸದ ಮನೆಗೆ, ವಾರಕ್ಕೊಮ್ಮೆ ನಲ್ಲಿ ತಿರುಗಿಸುವವರಿಗೆ ಸರಿಯಾದದ್ದು ಇದೇ. ದಿನವಿಡೀ ಬಿಯರು ಹರಿಯುವ ಪಬ್ಬಿನಲ್ಲಿ ಒಣಗಲು ಪುರಸೊತ್ತು ಕಡಿಮೆ, ಹಾಗಾಗಿ ಅಲ್ಲಿ ಹಳೆಯ ಮಾದರಿಯೂ ನಡೆದೀತು.

ಎರಡನೆಯದು ಲೋಹದ ಮಾತು. ಅಗ್ಗದ ನಲ್ಲಿ ಎಂದರೆ ಕ್ರೋಮ್ ಲೇಪ ಕೊಟ್ಟ ಹಿತ್ತಾಳೆ. ಕಡಲ ದಂಡೆಯಲ್ಲಿ ಬೆಳೆದವನಿಗೆ ಇದು ಗೊತ್ತಿರಬೇಕಿತ್ತು. ಉಪ್ಪುಗಾಳಿ ಬೀಸುವ ಊರಿನ ಬಚ್ಚಲಿನಲ್ಲಿ ಥಳಥಳಿಸುವ ನಲ್ಲಿಗೆ ಚುಕ್ಕೆ ಬಿದ್ದು ಲೇಪ ಏಳುವುದನ್ನು ಅವನು ನೋಡಿಯೇ ಇದ್ದಾನೆ. ಬಿಯರಿನಲ್ಲಿ ಉಪ್ಪುಗಾಳಿ ಇಲ್ಲ, ಆದರೆ ಹುಳಿಯಿದೆ. ಅದರ ಪಿಎಚ್ ಮೌಲ್ಯ ಸುಮಾರು 4ರಿಂದ 4.5. ಲೇಪ ಸವೆದ ಮೇಲೆ ಹುಳಿ ಹಿತ್ತಾಳೆಯನ್ನು ಮುಟ್ಟುತ್ತದೆ, ಬಾಯಿಗೆ ಲೋಹದ ರುಚಿ ಬರುತ್ತದೆ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆ ಸಾರು ಮಾಡಬಾರದೆಂದು ಅಜ್ಜಿಯರು ಹೇಳಿದ್ದೂ ಇದನ್ನೇ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ ಆ ಕಾಟವಿಲ್ಲ.

ಇನ್ನು ವಿಶೇಷ ನಲ್ಲಿಗಳೂ ಇವೆ. ಐರ್ಲೆಂಡಿನ ಗಿನ್ನೆಸ್ ಕಂಪನಿ 1959ರಲ್ಲಿ ಸಾರಜನಕ ಬೆರೆತ ಡ್ರಾಫ್ಟ್ ಬಿಯರನ್ನು ತಂದಿತು. ಅಂಥ ಕಪ್ಪು ಬಿಯರಿಗೆ ಮೂತಿಯೊಳಗೆ ಸಣ್ಣ ತೂತುಗಳ ಬಿಲ್ಲೆ ಇರುವ ನಲ್ಲಿ ಬೇಕು. ಕೆನೆಯಂಥ ನೊರೆ ಏಳುವುದು ಅದರಿಂದ. ಹರಿವನ್ನು ಹೆಚ್ಚು ಕಡಿಮೆ ಮಾಡುವ ಕೀಲಿಯಿರುವ ನಲ್ಲಿಯೂ ಉಂಟು. ಕೊಳವೆ ಗಿಡ್ಡವಿದ್ದು ಬಿಯರು ನುಗ್ಗಿ ಬರೀ ನೊರೆಯಾಗುವಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಸಾಮಾನ್ಯ ನಲ್ಲಿಯನ್ನಂತೂ ಅರ್ಧ ತೆರೆಯಲೇಬಾರದು. ಒಮ್ಮೆಲೇ ಪೂರ್ತಿ ಎಳೆಯಬೇಕು. ಅರ್ಧ ತೆರೆದರೆ ಸಂದಿಯಲ್ಲಿ ಬಿಯರು ಕದಡಿ ಲೋಟದ ತುಂಬ ನೊರೆಯೇ.

ಈ ಹವ್ಯಾಸ ಅಮೆರಿಕದಲ್ಲೂ ಬಹಳ ಕಾಲ ಕಾನೂನಿಗೆ ಹೊರತಾಗಿಯೇ ಇತ್ತು. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಮಸೂದೆಗೆ ಸಹಿ ಹಾಕಿದ ಮೇಲೆ ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ತಯಾರಿಸಲು ಕೇಂದ್ರದ ಕಾನೂನು ಒಪ್ಪಿತು. ಮಿಸಿಸಿಪ್ಪಿ ಮತ್ತು ಅಲಬಾಮಾ ರಾಜ್ಯಗಳು ಒಪ್ಪಿದ್ದು 2013ರಲ್ಲಿ. ಕರ್ನಾಟಕದಲ್ಲಿ ಮಾತ್ರ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮನೆಗೆಂದು ಮಾಡಿದರೂ ಅಷ್ಟೇ. ಅಲ್ಲೇ ತಯಾರಾದ ಬಿಯರು ನಲ್ಲಿಯಿಂದ ಇಳಿಯುವುದನ್ನು ಇಲ್ಲಿನವರು ನೋಡಬೇಕಾದರೆ ಬೆಂಗಳೂರಿನ ಇಂದಿರಾನಗರದಲ್ಲಿ 2010ರಲ್ಲಿ ಶುರುವಾದ ಟಾಯ್ಟ್‌ನಂಥ, ಪರವಾನಗಿ ಪಡೆದ ಕಿರು ಬ್ರೂವರಿಗೇ ಹೋಗಬೇಕು.

ಮತ್ತೆ ಆ ನೆಲಮಾಳಿಗೆಗೆ ಬನ್ನಿ. ಊರಿನಿಂದ ಬಂದ ಅಪ್ಪ ಪ್ರಾಯದಲ್ಲಿ ತೆಂಗಿನ ಮರ ಹತ್ತಿ ನೀರಾ ಇಳಿಸಿದವರು. ಮಗ ಬಿಚ್ಚಿಟ್ಟ ನಲ್ಲಿಯ ಒಳಗೆ ಬೆರಳಾಡಿಸಿ ಮೂಸಿ ನೋಡುತ್ತಾರೆ.

“ಇದನ್ನ ತೊಳೆದು ಎಷ್ಟು ದಿನ ಆಯ್ತಾ?”

“ತೊಳೀಲಿಲ್ಲ ಅಪ್ಪ. ತಂದಾಗಿಂದ ಹಾಗೇ ಉಂಟು.”

“ಮಡಕೆ ತೊಳೆದು ಸುಣ್ಣ ಬಳೀದೆ ನೀರಾ ಇಳಿಸಿದ್ರೆ ಸಂಜೆಗೆ ಕಳ್ಳಾಗ್ತದೆ ಮಾರಾಯ. ನಿನ್ನ ಮಡಕೆ ಚೊಕ್ಕ ಉಂಟು, ಬಾಯಿ ಗಲೀಜು.”

ಅಮೆರಿಕದ ಬ್ರೂವರಿಗಳ ಸಂಘದ ಕೈಪಿಡಿ ಹೇಳುವುದೂ ಇದನ್ನೇ. ಹದಿನಾಲ್ಕು ದಿನಕ್ಕೊಮ್ಮೆ ನಲ್ಲಿ ಬಿಚ್ಚಿ ಬ್ರಷ್ಷಿನಿಂದ ತಿಕ್ಕಬೇಕು, ಕೊಳವೆಗೆ ಕ್ಷಾರದ ದ್ರಾವಣ ಹಾಯಿಸಬೇಕು. ಮೂರು ತಿಂಗಳಿಗೊಮ್ಮೆ ಆಮ್ಲದಿಂದ ತೊಳೆದು, ಒಳಗೆ ಕಟ್ಟಿದ ಕ್ಯಾಲ್ಸಿಯಂ ಆಕ್ಸಲೇಟಿನ ಕಿಟ್ಟ ತೆಗೆಯಬೇಕು. ಎಷ್ಟು ದುಬಾರಿ ನಲ್ಲಿಯೂ ತನ್ನನ್ನು ತಾನೇ ತೊಳೆದುಕೊಳ್ಳುವುದಿಲ್ಲ. ಆದ್ದರಿಂದ ಕೊಳ್ಳುವಾಗ ಅಂಗಡಿಯವನಿಗೆ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ. “ಇದನ್ನು ಪೂರ್ತಿ ಬಿಚ್ಚಿ ತೊಳೆಯಲು ಬರುತ್ತದೆಯೇ?” ಎಂಬುದು.