ಹೊಳೆ ಸರ್ಕಾರದ್ದು, ನೀರೂ ಸರ್ಕಾರದ್ದು, ಹೊಣೆ ಮಾತ್ರ ನಮ್ಮದೇ?



ಈ ಸಲ ಹಳೆಯ ನೆನಪುಗಳನ್ನು ಬದಿಗಿಟ್ಟು ಸ್ವಲ್ಪ ಜಗಳಕ್ಕೇ ಕುಳಿತಿದ್ದೇನೆ. ಕಳೆದ ಡಿಸೆಂಬರ್ ರಜೆಯಲ್ಲಿ ಮಗಳು, ಅಳಿಯ ಮತ್ತು ಹತ್ತು ವರ್ಷದ ಮೊಮ್ಮಗ ಬಂದಿದ್ದರು. ಮೊಮ್ಮಗನ ಹಟಕ್ಕೆ ಎಲ್ಲರೂ ಗಣೇಶಗುಡಿಗೆ ಹೋದೆವು, ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಲು. ನಾನು ದಡದಲ್ಲಿ ನಿಂತು ನೋಡುವವನು.

ನೀರಿಗಿಳಿಯುವ ಮೊದಲು ಒಂದು ಕಾಗದ ಕೊಟ್ಟರು. ಇಂಗ್ಲಿಷಿನಲ್ಲಿ, ಇರುವೆಸಾಲಿನಂಥ ಅಕ್ಷರಗಳಲ್ಲಿ, ಏನೇ ಆದರೂ ಹೊಣೆ ನಮ್ಮದೇ ಎಂಬ ಒಕ್ಕಣೆ. ಮಗಳು ಮತ್ತು ಅಳಿಯ ಬಟ್ಟೆ ಬದಲಿಸಲು ಹೋಗಿದ್ದರು; ಮೊಮ್ಮಗನ ಪರವಾಗಿ ನಾನೇ ರುಜು ಹಾಕಿದೆ. 'ಓದದೆ ಸಹಿ ಹಾಕಬೇಡಿ' ಎಂದು ಮೂವತ್ತಕ್ಕೂ ಹೆಚ್ಚು ವರ್ಷ ನಿಮಗೆಲ್ಲ ಹೇಳಿದವನು, ಕನ್ನಡಕ ಕಾರಿನಲ್ಲಿಯೇ ಉಳಿದಿದ್ದರೂ ಸಹಿ ಹಾಕಿದೆ! ಆಮೇಲೆ ಹುಡುಗನ ಲೈಫ್ ಜಾಕೆಟ್ಟನ್ನು ಭುಜದ ಬಳಿ ಹಿಡಿದು ಮೇಲಕ್ಕೆತ್ತಿ ನೋಡಿದೆ. ಅದು ಕಿವಿಯವರೆಗೆ ಬಂತು. ದೊಡ್ಡವರ ಅಳತೆಯದು. ನೀರಿಗೆ ಬಿದ್ದರೆ ಜಾಕೆಟ್ ತೇಲುತ್ತದೆ, ಹುಡುಗ ಅದರೊಳಗಿಂದ ಜಾರುತ್ತಾನೆ. ಚಿಕ್ಕದು ಇಲ್ಲವೇ ಎಂದು ಕೇಳಿದ್ದಕ್ಕೆ ಅಲ್ಲಿದ್ದ ತರುಣ ಸೊಂಟಕ್ಕೆ ಒಂದು ಹಗ್ಗ ಬಿಗಿದು, "ಏನೂ ಆಗೂದಿಲ್ಲ ಬಿಡ್ರಿ ಅಜ್ಜಾರ" ಎಂದ. ಹುಡುಗನ ವಯಸ್ಸನ್ನು ಯಾರೂ ಕೇಳಲಿಲ್ಲ.

ಅವನೆಂದಂತೆ ಏನೂ ಆಗಲಿಲ್ಲ. ಒಂದು ತಾಸಿನಲ್ಲಿ ಎಲ್ಲರೂ ಒದ್ದೆಯಾಗಿ, ನಗುತ್ತ ಬಂದರು. ನನ್ನ ದೂರು ಇರುವುದೇ ಅಲ್ಲಿ. ಏನೂ ಆಗದ ಪ್ರತಿ ದಿನವೂ ಆ ಹಗ್ಗಕ್ಕೆ ಒಂದು ಪ್ರಮಾಣಪತ್ರ ಸಿಕ್ಕಂತೆ.

ಅಂದು ಇನ್ನೂ ಒಂದು ಸಂಗತಿಯನ್ನು ಗಮನಿಸಿದೆ. ನಾವು ಮುಕ್ಕಾಲು ತಾಸು ಕಾದೆವು, ಏಕೆಂದರೆ ಹೊಳೆಯಲ್ಲಿ ನೀರಿರಲಿಲ್ಲ. ಗಣೇಶಗುಡಿಯ ಕಾಳಿ ಮಳೆಯ ಮಾತು ಕೇಳುವ ಹೊಳೆಯಲ್ಲ, ಸೂಪಾ ಅಣೆಕಟ್ಟೆಯ ಮಾತು ಕೇಳುವ ಹೊಳೆ. ಅಣೆಕಟ್ಟೆಯ ಬುಡದ ವಿದ್ಯುದಾಗಾರದಲ್ಲಿ ತಲಾ 50 ಮೆಗಾವ್ಯಾಟ್‌ನ ಎರಡು ಯಂತ್ರಗಳಿವೆ. ಅವು ತಿರುಗಿದರೆ ಕೆಳಗೆ ಪ್ರವಾಹ, ನಿಂತರೆ ಬರಿಯ ಬಂಡೆ. ಅವು ಯಾವಾಗ ತಿರುಗಬೇಕೆಂಬುದು ರಾಜ್ಯದ ವಿದ್ಯುತ್ ಬೇಡಿಕೆಯನ್ನು ಅವಲಂಬಿಸಿದೆ. ಬೆಂಗಳೂರಿನಲ್ಲಿ ಸಂಜೆ ದೀಪ ಹೊತ್ತಿದರೆ ಇಲ್ಲಿ ಹೊಳೆ ಏರಬಹುದು. ನೀರು ಯಾವಾಗ ಬರುತ್ತದೆಂದು ಆ ತರುಣನನ್ನು ಕೇಳಿದೆ. "ಫೋನ್ ಬರ್ತದ್ರೀ" ಎಂದ. ಯಾರ ಫೋನು? ಪರಿಚಯದವರದ್ದಂತೆ! ನಾಲ್ಕು ಜನರ ಜೀವ ಒಂದು ಪರಿಚಯದ ಫೋನಿನ ಮೇಲೆ.

ವಿಜ್ಞಾನದ ಮೇಷ್ಟ್ರಾಗಿದ್ದವನು ಇಲ್ಲಿ ಸುಮ್ಮನಿರಲಾರೆ. ಒಂದು ಘನ ಮೀಟರ್ ನೀರು ಸಾವಿರ ಕಿಲೋ ತೂಗುತ್ತದೆ. ಪ್ರವಾಹದ ವೇಗ ಎರಡು ಪಟ್ಟಾದರೆ ಅದು ಅಡ್ಡ ನಿಂತವನ ಮೇಲೆ ಹಾಕುವ ಒತ್ತಡ ಸುಮಾರು ನಾಲ್ಕು ಪಟ್ಟಾಗುತ್ತದೆ. ಮೊಣಕಾಲುದ್ದದ ನೀರಿನಲ್ಲಿ ಎದ್ದು ನಿಲ್ಲಲು ಹೋಗಿ, ಬಂಡೆಗಳ ಸಂದಿನಲ್ಲಿ ಪಾದ ಸಿಕ್ಕಿ ಮುಳುಗಿದವರಿದ್ದಾರೆ. ಬಿದ್ದರೆ ಅಂಗಾತ ತೇಲಬೇಕು, ಕಾಲುಗಳು ಪ್ರವಾಹದ ದಿಕ್ಕಿಗೆ ಮುಂದಾಗಿರಬೇಕು, ಎದ್ದು ನಿಲ್ಲಬಾರದು. ಇದನ್ನು ಹೇಳಲು ಎರಡು ನಿಮಿಷ ಸಾಕು. ಅಂದು ಯಾರೂ ಹೇಳಲಿಲ್ಲ.

ಇದು ಮುದುಕನ ಪುಕ್ಕಲುತನ ಎನ್ನುವವರಿಗೆ 2014ರ ಜೂನ್ 8ನ್ನು ನೆನಪಿಸುತ್ತೇನೆ. ಹಿಮಾಚಲದ ಥಲೋಟ್ ಬಳಿ ಬಿಯಾಸ್ ನದಿಯ ಬಂಡೆಗಳ ಮೇಲೆ ನಿಂತು ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಮೇಲಿನ ಲಾರ್ಜಿ ಜಲವಿದ್ಯುತ್ ಯೋಜನೆಯ ಅಣೆಕಟ್ಟೆಯಿಂದ ನೀರು ಬಿಟ್ಟರು. 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಅವರು ತೆಪ್ಪದಲ್ಲಿರಲಿಲ್ಲ, ನಿಜ. ಆದರೆ ನೀರು ಬಿಡುವ ಕೈಗೂ ಕೆಳಗೆ ನಿಂತ ಮಕ್ಕಳಿಗೂ ನಡುವೆ ಇರಬೇಕಾದ ತಂತು ಕಡಿದುಹೋಗಿತ್ತು. ನಾನು ಕೇಳುತ್ತಿರುವುದೂ ಅದೇ ತಂತುವನ್ನು.

ಈ ವಿಷಯ ಎತ್ತಿದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ (ಅವನೂ ಅದೇ ಉದ್ಯೋಗದಲ್ಲಿದ್ದಾನೆ, ಹೆಸರು ಬೇಡ) ಫೋನಿನಲ್ಲಿ ಹೇಳಿದ: "ಸರ್, ಸರ್ಕಾರ ನಡುವ ಬಂತಂದ್ರ ಇನ್ನೊಬ್ಬರ ಕೈಬಿಸಿ ಮಾಡಬೇಕಾಗ್ತದ, ಅಷ್ಟ." ಅವನ ಮಾತನ್ನು ತಳ್ಳಿಹಾಕಲಾರೆ. ನಿಯಮಗಳಿಗೇನೂ ಬರವಿಲ್ಲ. ಹಿಮಾಚಲವು 2005ರಲ್ಲಿ, ಉತ್ತರಾಖಂಡವು 2014ರಲ್ಲಿ ರಾಫ್ಟಿಂಗ್ ನಿಯಮಗಳನ್ನು ಮಾಡಿದವು. ಆದರೂ 2018ರ ಜೂನ್‌ನಲ್ಲಿ ನೈನಿತಾಲದ ಹೈಕೋರ್ಟ್, ಸೂಕ್ತ ಕಾನೂನು ರೂಪಿಸುವವರೆಗೆ ರಾಫ್ಟಿಂಗ್ ನಿಲ್ಲಿಸಿ ಎಂದು ಉತ್ತರಾಖಂಡ ಸರ್ಕಾರಕ್ಕೆ ಆದೇಶಿಸಬೇಕಾಯಿತು. ಕಾಗದದ ಮೇಲಿನ ನಿಯಮ ಹೊಳೆಯ ದಡಕ್ಕೆ ತಾನಾಗಿ ನಡೆದು ಬರುವುದಿಲ್ಲ.

ನಮ್ಮ ಶಾಲೆಯ ಇನ್ಸ್‌ಪೆಕ್ಷನ್ ನಿಮಗೆ ನೆನಪಿದೆಯೇ? ವಾರ ಮೊದಲೇ ದಿನಾಂಕ ಗೊತ್ತಾಗುತ್ತಿತ್ತು. ನೀವು ಅಂಗಳ ಗುಡಿಸಿ, ನಕ್ಷೆಗಳ ಧೂಳು ಕೊಡವುತ್ತಿದ್ದಿರಿ. ಪ್ರಯೋಗಾಲಯದ ಬೀಗ ವರ್ಷದಲ್ಲಿ ಒಮ್ಮೆ ಚೆನ್ನಾಗಿ ಎಣ್ಣೆ ಕಾಣುತ್ತಿತ್ತು. ಇನ್ಸ್‌ಪೆಕ್ಟರ್ ಸಾಹೇಬರ ಊಟ ನಮ್ಮದೇ ಖರ್ಚಿನಲ್ಲಿ, ಹೋಳಿಗೆ ಸಹಿತ. ಹೋಳಿಗೆ ಉಂಡವರು ವರದಿಯಲ್ಲಿ ಏನು ಬರೆದಾರು? ಅದರಲ್ಲಿ ನಾನೂ ಪಾಲುದಾರ, ಬಡಿಸಿದವನು. ಅದಕ್ಕಾಗಿಯೇ ಹೇಳುತ್ತೇನೆ, ರಾಫ್ಟಿಂಗ್ ತಪಾಸಣೆ ಮುನ್ಸೂಚನೆ ಇಲ್ಲದೆ ನಡೆಯಬೇಕು ಮತ್ತು ತಪಾಸಣೆ ಮಾಡುವವನ ಊಟ, ಸಂಬಳ, ವಾಹನ ಯಾವುದೂ ತಪಾಸಣೆಗೊಳಗಾಗುವವನ ಕಿಸೆಯಿಂದ ಬರಬಾರದು. ಪ್ರವಾಸಿಗರ ಸಂಖ್ಯೆ ಹೆಚ್ಚಿಸುವುದೇ ಕೆಲಸವಾಗಿರುವ ಇಲಾಖೆಗೆ, ಪ್ರವಾಸಿಗರನ್ನು ತಡೆಯುವ ಅಧಿಕಾರವನ್ನೂ ಒಪ್ಪಿಸಬಾರದು.

ಹಾಗಾದರೆ ಹಣ? ನಮ್ಮ ಭಾವನವರು ಗುಡುಗಿದರು: "ಪಟ್ಟಣದವರ ಮೋಜಿಗೆ ನನ್ನ ತೆರಿಗೆಯೇ?" ಭಾವ, ಸ್ವಲ್ಪ ನಿಲ್ಲಿ. ಹೊಳೆ ಸರ್ಕಾರದ್ದು. ಅಣೆಕಟ್ಟೆ ಸರ್ಕಾರದ ವಿದ್ಯುತ್ ನಿಗಮದ್ದು. 'ಒಂದು ರಾಜ್ಯ, ಹಲವು ಜಗತ್ತು' ಎಂದು ಜಾಹೀರಾತು ಕೊಟ್ಟು ಜನರನ್ನು ಕರೆದದ್ದೂ ಸರ್ಕಾರವೇ. ಕರೆದವರು ಮನೆಬಾಗಿಲಲ್ಲಿ ದೀಪ ಇಡಬೇಡವೇ? ಆದರೂ ನಿಮ್ಮ ಸಮಾಧಾನಕ್ಕೆ ಒಂದು ದಾರಿ ಇದೆ. ಪ್ರತಿ ಟಿಕೆಟಿನ ಮೇಲೆ ಹತ್ತು ರೂಪಾಯಿ ಸುರಕ್ಷತಾ ಶುಲ್ಕ ಹಾಕಲಿ. ಅದು ಜಿಲ್ಲೆಯ ಪ್ರತ್ಯೇಕ ಖಾತೆಗೇ ಹೋಗಲಿ, ಬೊಕ್ಕಸದಲ್ಲಿ ಕರಗದಿರಲಿ. ಅದರಿಂದ ತಪಾಸಕರ ಸಂಬಳ, ಮಕ್ಕಳ ಅಳತೆಯ ಜಾಕೆಟ್ಟು, ಎಸೆಯುವ ಹಗ್ಗ, ರಕ್ಷಣೆಗೆಂದೇ ಜೊತೆಯಲ್ಲಿ ಸಾಗುವ ಕಯಾಕ್. ಸಾಲದಿದ್ದರೆ ಸರ್ಕಾರ ತುಂಬಿಕೊಡಲಿ. ನೀರು ಬಿಡುವ ವೇಳೆಯನ್ನು ವಿದ್ಯುದಾಗಾರದಿಂದಲೇ ನೇರವಾಗಿ, ಲಿಖಿತವಾಗಿ ಪ್ರತಿ ಗೈಡಿನ ಕೈಗೆ ತಲುಪಿಸಲು ಹೆಚ್ಚು ಹಣವೂ ಬೇಡ, ಒಂದು ಆದೇಶ ಸಾಕು.

ಇಷ್ಟನ್ನು ಮಾಡದೆ ನಮ್ಮ ಆಡಳಿತಗಳು ಮಾಡುವುದೇನು? ನಿಷೇಧ. 2018ರಲ್ಲಿ ಕೊಡಗಿನ ಬರಪೊಳೆಯಲ್ಲಿ ಪ್ರವಾಸಿಗರೊಬ್ಬರು ತೀರಿಕೊಂಡಾಗ ರಾಫ್ಟಿಂಗ್ ನಿಂತಿತು, ಕೆಲಕಾಲದ ಮೇಲೆ ಮತ್ತೆ ಆರಂಭವಾಯಿತು. ನಿಷೇಧಕ್ಕೆ ದುಡ್ಡು ಖರ್ಚಾಗುವುದಿಲ್ಲ, ಅದೇ ಅದರ ಆಕರ್ಷಣೆ. ನಷ್ಟ ಹುಟ್ಟು ಹಾಕುವ ಹುಡುಗರಿಗೆ. ಜೋಯಿಡಾ, ದಾಂಡೇಲಿ ಕಡೆಯ ಎಷ್ಟೋ ತರುಣರಿಗೆ ಈ ಹೊಳೆಯೇ ಹೊಟ್ಟೆಪಾಡು. ಅವರಿಗೆ ಪ್ರಥಮ ಚಿಕಿತ್ಸೆ, ಜಲರಕ್ಷಣೆ ಕಲಿಸಲು ಸರ್ಕಾರದ ಬಳಿ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯಂಥ ಸಂಸ್ಥೆಯೇ ಇದೆ. ಉಚಿತವಾಗಿ ಕಲಿಸಲಿ. ಕಲಿತವನಿಗೆ ಮಾತ್ರ ಪರವಾನಗಿ ಕೊಡಲಿ. ನನ್ನ ಮೊಮ್ಮಗನ ಸೊಂಟಕ್ಕೆ ಹಗ್ಗ ಬಿಗಿದ ತರುಣ ಕೆಟ್ಟವನಲ್ಲ. ಅವನಿಗೆ ಯಾರೂ ಕಲಿಸಿಲ್ಲ, ಚಿಕ್ಕ ಜಾಕೆಟ್ಟನ್ನು ಯಾರೂ ಕೊಟ್ಟಿಲ್ಲ.

2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ದೋಣಿ ಮಗುಚಿ 12 ವಿದ್ಯಾರ್ಥಿಗಳೂ ಇಬ್ಬರು ಶಿಕ್ಷಕಿಯರೂ ಸತ್ತರು. ಅದು ನಗರಪಾಲಿಕೆ ಗುತ್ತಿಗೆಗೆ ಕೊಟ್ಟ ಕೆರೆ. ದೋಣಿಯಲ್ಲಿ ಮಿತಿಮೀರಿ ಜನ, ಅನೇಕರಿಗೆ ಲೈಫ್ ಜಾಕೆಟ್ ಇರಲಿಲ್ಲ. ಆ ಶಿಕ್ಷಕಿಯರ ಜಾಗದಲ್ಲಿ ನಾನಿರಬಹುದಿತ್ತು. ನಿಮ್ಮನ್ನೆಲ್ಲ ಪ್ರವಾಸಕ್ಕೆ ಕರೆದೊಯ್ದಾಗ ನಾನೂ ಎಷ್ಟೋ ದೋಣಿಗಳನ್ನು ಹತ್ತಿಸಿದ್ದೇನೆ. ತಲೆ ಎಣಿಸಿದ್ದೇನೆ. ಜಾಕೆಟ್ ಎಣಿಸಿದ ನೆನಪಿಲ್ಲ.

ಜಿಲ್ಲಾಧಿಕಾರಿಗಳಿಗೆ ಮೂರು ಪುಟದ ಪತ್ರ ಬರೆದು ನೋಂದಾಯಿತ ಅಂಚೆಯಲ್ಲಿ ಕಳುಹಿಸಿದ್ದೇನೆ. ಮುಟ್ಟಿದ್ದಕ್ಕೆ ಸ್ವೀಕೃತಿ ಬಂದಿದೆ. ಉತ್ತರ ಬಂದರೆ ಇಲ್ಲಿಯೇ ಹಾಕುತ್ತೇನೆ. ನಿಮ್ಮಲ್ಲಿ ಯಾರಾದರೂ ವಿದ್ಯುತ್ ನಿಗಮದಲ್ಲಿದ್ದರೆ, ನೀರು ಬಿಡುವ ವೇಳಾಪಟ್ಟಿ ಕೆಳಗಿನವರಿಗೆ ತಲುಪುವ ಕ್ರಮ ಏನೆಂದು ದಯವಿಟ್ಟು ನನಗೆ ತಿಳಿಸಿ.