ಮತ್ತೊಮ್ಮೆ ಅಕ್ಷರಾಭ್ಯಾಸ

ವಿದ್ಯೆಗೆ ವಯಸ್ಸಿನ ಕಟ್ಟಿಲ್ಲವೆಂದು ನಾವು ಅಧ್ಯಾಪಕರು ತರಗತಿಯಲ್ಲಿ ಆಗಾಗ ಹೇಳುವುದುಂಟು. ಕೇಳುವವರು ಹದಿನೆಂಟರ ಹರೆಯದವರಾದುದರಿಂದ ಆ ಮಾತು ಪರೀಕ್ಷೆಗೆ ಒಳಗಾಗುವ ಪ್ರಸಂಗವೇ ಬರುವುದಿಲ್ಲ. ಪದವಿಪೂರ್ವ ತರಗತಿಯಲ್ಲಿ ನಮ್ಮೊಡನೆ ಓದಿದ ಗೆಳೆಯರೊಬ್ಬರು ಈಚೆಗೆ ಮನೆಗೆ ಬಂದಾಗ ಅಂಥ ಪ್ರಸಂಗ ಒದಗಿತು.

ಅವರಿಗೀಗ ನಾಲ್ವತ್ತಾರು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಬ್ಯಾಂಕುಗಳ ಲೆಕ್ಕಕ್ಕೆ ಬೇಕಾದ ಪ್ರೋಗ್ರಾಂಗಳನ್ನು ಕೋಬಾಲ್ ಭಾಷೆಯಲ್ಲಿ ಬರೆಯುತ್ತ ಬಂದವರು. ಆ ಕೆಲಸ ವರ್ಷದೊಳಗೆ ಮುಗಿಯಲಿದೆ, ಪೈಥಾನ್ ಕಲಿತುಕೊಳ್ಳಿ ಎಂದು ಸಂಸ್ಥೆ ತಿಳಿಸಿದೆ. ಮನೆ ಸಾಲದ ಕಂತು ಇನ್ನೂ ಒಂಬತ್ತು ವರ್ಷ ಉಳಿದಿದೆ, ಮಗಳು ಕಾಲೇಜಿನಲ್ಲಿದ್ದಾಳೆ. “ಮಗಳಿಗಿಂತ ನಾಲ್ಕೇ ವರ್ಷ ದೊಡ್ಡವಳು ನನ್ನ ತಪ್ಪು ತಿದ್ದುತ್ತಾಳೆ ಕಣಯ್ಯ. ಪಾಠ ಕಷ್ಟವಲ್ಲ, ಆ ಹೊತ್ತು ಕಷ್ಟ” ಎಂದರು.

ಈ ಮಾತನ್ನು ಕೇಳಿ ನಮಗೆ ನೆನಪಾದವರು ಗ್ರೇಸ್ ಹಾಪರ್. ಅಮೆರಿಕದ ವಾಸರ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಆಕೆ 1944ರಲ್ಲಿ, ತಮ್ಮ ಮೂವತ್ತೇಳನೆಯ ವಯಸ್ಸಿನಲ್ಲಿ, ಹಾರ್ವರ್ಡಿನ ಮಾರ್ಕ್ ಒಂದು ಎಂಬ ಗಣಕಯಂತ್ರದ ಮುಂದೆ ಹೊಸ ವಿದ್ಯಾರ್ಥಿನಿಯಾಗಿ ನಿಂತರು. ಮುಂದೆ ಆಕೆ ರೂಪಿಸಿದ ಫ್ಲೋಮ್ಯಾಟಿಕ್ ಎಂಬ ಭಾಷೆಯೇ 1959ರಲ್ಲಿ ಆರಂಭವಾದ ಕೋಬಾಲ್ ರಚನೆಗೆ ಮುಖ್ಯ ಆಧಾರವಾಯಿತು. ನಮ್ಮ ಗೆಳೆಯರಿಗೆ ಇಷ್ಟು ವರ್ಷ ಅನ್ನವಿತ್ತ ಭಾಷೆಯ ಬೇರಿನಲ್ಲಿಯೇ ನಡುವಯಸ್ಸಿನ ಅಕ್ಷರಾಭ್ಯಾಸವಿದೆ.

ಹಾಗಾದರೆ ಹಳೆಯ ವಿದ್ಯೆಯೆಲ್ಲ ವ್ಯರ್ಥವೆ? ಒಂದು ಚಿಕ್ಕ ಉದಾಹರಣೆ ಸಾಕು. ಪೈಥಾನಿನಲ್ಲಿ 0.1ಕ್ಕೆ 0.2ನ್ನು ಕೂಡಿಸಿದರೆ 0.30000000000000004 ಎಂಬ ಉತ್ತರ ಬರುತ್ತದೆ. ಮೂರರಲ್ಲೊಂದು ಭಾಗವನ್ನು ನಾವು ದಶಮಾಂಶದಲ್ಲಿ ಬರೆದು ಮುಗಿಸಲಾರೆವಷ್ಟೆ. ಹಾಗೆಯೇ ಹತ್ತರಲ್ಲೊಂದು ಭಾಗವನ್ನು ಯಂತ್ರವು ತನ್ನ ದ್ವಿಮಾನ ಪದ್ಧತಿಯಲ್ಲಿ ಬರೆದು ಮುಗಿಸಲಾರದು. ವ್ಯಾಪಾರದ ಲೆಕ್ಕಕ್ಕೆಂದೇ ಹುಟ್ಟಿದ ಕೋಬಾಲ್ ದಶಮಾಂಶವನ್ನು ದಶಮಾಂಶವಾಗಿಯೇ ಇರಿಸಿಕೊಳ್ಳಬಲ್ಲುದು. ಲಕ್ಷಾಂತರ ಖಾತೆಗಳ ಬಡ್ಡಿ ಲೆಕ್ಕ ಹಾಕಿದವನಿಗೆ ಈ ಸೂಕ್ಷ್ಮ ಭೇದ ಎಲ್ಲಿ ಪೈಸೆಯನ್ನು ನುಂಗೀತೆಂದು ಗೊತ್ತು. ಪೈಥಾನಿನಲ್ಲಿಯೂ ಇದಕ್ಕೆ ಡೆಸಿಮಲ್ ಎಂಬ ಸಾಧನವಿದೆ. ಆದರೆ ಅದನ್ನು ಹುಡುಕಬೇಕೆಂಬ ಪ್ರಶ್ನೆ ಹುಟ್ಟುವುದು ಅನುಭವದಿಂದ. ಕೃತಕ ಬುದ್ಧಿಮತ್ತೆಯ ಉಪಕರಣಗಳು ಕೇಳಿದೊಡನೆ ಪ್ರೋಗ್ರಾಂ ಬರೆದುಕೊಡುವ ಈ ದಿನಗಳಲ್ಲಿ ಇಂಥ ಪ್ರಶ್ನೆ ಕೇಳಬಲ್ಲವರ ಅಗತ್ಯ ಹೆಚ್ಚಿದೆಯೆಂದೇ ನಮ್ಮ ಭಾವನೆ.

ಆದರೆ ಅನುಭವದ ಅಭಿಮಾನವೊಂದೇ ಸಾಲದು. ಹಳಗನ್ನಡವನ್ನು ಚೆನ್ನಾಗಿ ಓದಿದವನಿಗೆ ಹೊಸಗನ್ನಡದ ವಿಭಕ್ತಿಗಳ ಜಾಡು ಬೇಗ ಸಿಕ್ಕುತ್ತದೆ, ನಿಜ. ಹೊಸಗನ್ನಡದಲ್ಲಿ ಬರೆಯುತ್ತೇನೆಂದು ಕುಳಿತು ಹಳಗನ್ನಡವನ್ನೇ ಬರೆಯುವ ಅಪಾಯವೂ ಅವನಿಗೇ ಹೆಚ್ಚು. ಪೈಥಾನಿನ ವೇಷದಲ್ಲಿ ಕೋಬಾಲನ್ನೇ ಬರೆಯುವುದು ಇದೇ ಬಗೆಯ ದೋಷ. ಪ್ರಮಾಣಪತ್ರಗಳನ್ನು ಕೂಡಿಹಾಕುವುದಕ್ಕಿಂತ, ತಾನು ಹಿಂದೆ ಬರೆದ ಬಡ್ಡಿಯ ಲೆಕ್ಕವೊಂದನ್ನು ಹೊಸ ಭಾಷೆಯ ಜಾಯಮಾನಕ್ಕೆ ಒಗ್ಗುವಂತೆ ಮತ್ತೆ ಬರೆದು, ಕಿರಿಯರಿಂದ ತಿದ್ದಿಸಿಕೊಳ್ಳುವುದು ಹೆಚ್ಚು ಫಲಕಾರಿ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ನಡೆಸುವ ಎನ್‌ಪಿಟೆಲ್ ಪಾಠಗಳನ್ನು ಇಂದು ಮನೆಯಲ್ಲಿಯೇ ಕುಳಿತು ಶುಲ್ಕವಿಲ್ಲದೆ ಕೇಳಬಹುದು. ಪಾಠಕ್ಕೆ ಕೊರತೆಯಿಲ್ಲ; ಕೊರತೆಯಿರುವುದು ಹೊತ್ತಿಗೆ.

ನಾವು ಒತ್ತಿ ಹೇಳಬೇಕಾದ ಮಾತು ಇದು. ಕಲಿಯಿರಿ ಎಂದ ಸಂಸ್ಥೆ ಕಲಿಯಲು ವಾರಕ್ಕೆ ಒಂದು ಗಂಟೆಯನ್ನೂ ಕೊಟ್ಟಿಲ್ಲ. ದಿನವಿಡೀ ದುಡಿದು ಬಂದು, ರಾತ್ರಿ ಒಂಬತ್ತೂವರೆಯ ಮೇಲೆ ನಮ್ಮ ಗೆಳೆಯರು ಪುಸ್ತಕ ತೆರೆಯುತ್ತಾರೆ. ಕಾಲೇಜು ಅಧ್ಯಾಪಕರಾದ ನಮಗೆ ಪುನಶ್ಚೇತನ ಶಿಬಿರಗಳುಂಟು. ಅಲ್ಲಿ ಕಳೆದ ದಿನಗಳು ಕರ್ತವ್ಯದ ದಿನಗಳೆಂದೇ ಎಣಿಕೆಯಾಗುತ್ತವೆ. ಪಂಪನನ್ನೂ ರನ್ನನನ್ನೂ ಕಲಿಸುವವರಿಗೆ ಲಭ್ಯವಾದ ಈ ಸೌಕರ್ಯ, ವಿದ್ಯೆ ಹತ್ತು ವರ್ಷಕ್ಕೊಮ್ಮೆ ಬದಲಾಗುವ ವೃತ್ತಿಯವರಿಗೆ ಇಲ್ಲದಿರುವುದು ವಿಪರ್ಯಾಸವಲ್ಲವೆ? ಕಲಿಕೆಯಿಂದ ಲಾಭ ಪಡೆಯುವ ಸಂಸ್ಥೆ ಕಲಿಕೆಯ ಹೊತ್ತಿನ ಬೆಲೆಯನ್ನೂ ಕೊಡುವುದು ನ್ಯಾಯ.

ಹೊಸ ಭಾಷೆ ಕಲಿತೊಡನೆ ಕೆಲಸ ಉಳಿದೇ ಉಳಿಯುವುದೆಂದು ಯಾರೂ ಭರವಸೆ ಕೊಡಲಾರರು. ಹೊಸ ಕೆಲಸ ಅರಸುವಾಗ ವಯಸ್ಸನ್ನೇ ಅನರ್ಹತೆಯೆಂದು ಕಾಣುವವರೂ ಎದುರಾದಾರು. ಇದನ್ನೆಲ್ಲ ಬಲ್ಲ ನಮ್ಮ ಗೆಳೆಯರು ಅಂದು ಊಟಕ್ಕೆ ನಿಲ್ಲಲಿಲ್ಲ. “ಒಂಬತ್ತೂವರೆಗೆ ಕೂರಬೇಕು” ಎಂದು ಹೊರಟರು. ವಿದ್ಯೆಗೆ ವಯಸ್ಸಿಲ್ಲವೆಂದು ಇನ್ನು ಮುಂದೆ ತರಗತಿಯಲ್ಲಿ ಹೇಳುವಾಗ ನಮ್ಮ ದನಿ ಸ್ವಲ್ಪ ತಗ್ಗಿಯೇ ಇರುತ್ತದೆ.