ಗುಟ್ಟಿನ ಹಸಿವು, ಓದಿನ ಬಡತನ

ಪರೇಲಿನ ಬಾರಾದೇವಿ ಗುಡಿಯಲ್ಲಿ ಸುಮಾರು ಮೂರೂವರೆ ಮೀಟರ್ ಎತ್ತರದ ಒಂದು ಶಿವಶಿಲ್ಪವಿದೆ. 1931ರಲ್ಲಿ ಪರೇಲಿಗೂ ಶಿವಡಿಗೂ ನಡುವೆ ರಸ್ತೆ ಮಾಡುವಾಗ ನೆಲದಡಿಯಿಂದ ಎದ್ದುಬಂದ ಏಕಶಿಲೆ ಅದು. ನಡುವೆ ನಿಂತ ಒಬ್ಬ ಶಿವ. ಅವನ ಬೆನ್ನ ಹಿಂದಿನಿಂದ ಮೇಲೇಳುವ ಇನ್ನೊಬ್ಬ. ಅವನ ಮೇಲೆ ಮತ್ತೊಬ್ಬ. ಎಡಬಲಕ್ಕೆ ಕೊಂಬೆಯೊಡೆದಂತೆ ಚಾಚಿಕೊಂಡ ನಾಲ್ವರು. ಒಟ್ಟು ಏಳು ರೂಪ. ಕಾಲ ಬುಡದಲ್ಲಿ ವಾದ್ಯ ಹಿಡಿದ ಗಣಗಳು. ಐದು ಅಥವಾ ಆರನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸುವ ಈ ಶಿಲ್ಪದ ಅರ್ಥವೇನೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಏಳನ್ನು ಸಪ್ತಸ್ವರವೆಂದವರಿದ್ದಾರೆ, ಸೃಷ್ಟಿಯ ವಿಸ್ತಾರವೆಂದವರಿದ್ದಾರೆ. ಇದನ್ನು ಹೋಲುವ ಇನ್ನೊಂದು ವಿಗ್ರಹ ಸಿಕ್ಕಿಲ್ಲ. ಜೊತೆಗೊಂದು ಶಾಸನವೂ ಇಲ್ಲ. ಇಷ್ಟು ದೊಡ್ಡ ಬಿಡಿಸದ ಒಗಟು ಲಾಲ್‌ಬಾಗಿನಿಂದ ಕೂಗಳತೆಯಲ್ಲಿದ್ದರೂ ಮುಂಬಯಿಯ ನಮ್ಮ ಕನ್ನಡ ಸಭೆಗಳಲ್ಲಿ ಅದರ ಮಾತು ಬರುವುದಿಲ್ಲ. ಅಮೆರಿಕದ ಒಂದು ಒಗಟಿನ ಶಿಲ್ಪದ ಮಾತಾದರೆ ಬಂದೇ ಬರುತ್ತದೆ.

ಅದು ‘ಕ್ರಿಪ್ಟೋಸ್’. ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎಯ ಲ್ಯಾಂಗ್ಲಿ ಕಚೇರಿಯ ಅಂಗಳದಲ್ಲಿ ಶಿಲ್ಪಿ ಜಿಮ್ ಸ್ಯಾನ್‌ಬಾರ್ನ್ 1990ರ ನವೆಂಬರಿನಲ್ಲಿ ನಿಲ್ಲಿಸಿದ, ಅಕ್ಷರಗಳನ್ನು ಕೊರೆದ ಬಾಗಿದ ತಾಮ್ರದ ಹಾಳೆ. ಅದರಲ್ಲಿರುವ ನಾಲ್ಕು ಗೂಢ ಬರಹಗಳಲ್ಲಿ ಮೂರನ್ನು ತೊಂಬತ್ತರ ದಶಕ ಮುಗಿಯುವುದರೊಳಗೆ ಬಿಡಿಸಿಬಿಟ್ಟರು. ಉಳಿದದ್ದು 97 ಅಕ್ಷರಗಳ ನಾಲ್ಕನೆಯದು. ಡಾನ್ ಬ್ರೌನ್ ತನ್ನ ‘ದ ಡಾ ವಿಂಚಿ ಕೋಡ್’ ಕಾದಂಬರಿಯ ರಕ್ಷಾಕವಚದಲ್ಲೇ ಇದರ ಸುಳಿವು ತುರುಕಿದ. 2009ರ ‘ದ ಲಾಸ್ಟ್ ಸಿಂಬಲ್’ನಲ್ಲಿ ಅದನ್ನು ಕಥೆಯೊಳಕ್ಕೇ ತಂದ. ಅಲ್ಲಿಂದ ಮುಂದೆ ಜಗತ್ತಿನ ಮೂಲೆಮೂಲೆಯಲ್ಲಿ ಸಾವಿರಾರು ಜನ ಆ 97 ಅಕ್ಷರಗಳ ಮೇಲೆ ಆಯುಷ್ಯ ಸವೆಸಿದರು. ಶಿಲ್ಪಿ ಆಗೊಮ್ಮೆ ಈಗೊಮ್ಮೆ ಒಂದೊಂದು ಪದವನ್ನು ಬಿಟ್ಟುಕೊಟ್ಟು ಹಸಿವನ್ನು ಕಾಯ್ದುಕೊಂಡ: 2010ರಲ್ಲಿ ‘ಬರ್ಲಿನ್’, 2014ರಲ್ಲಿ ‘ಗಡಿಯಾರ’, 2020ರಲ್ಲಿ ‘ಈಶಾನ್ಯ’.

ಈ ಕಥೆಗೆ 2025ರಲ್ಲಿ ಬಂದ ತಿರುವನ್ನು ಗಮನಿಸಬೇಕು. ಉತ್ತರವನ್ನು ಹರಾಜಿಗಿಡುವುದಾಗಿ ಶಿಲ್ಪಿ ಪ್ರಕಟಿಸಿದ ಮೇಲೆ ಇಬ್ಬರು ಬರಹಗಾರರು ಆ ಪಠ್ಯವನ್ನು ಕಂಡುಕೊಂಡರು. ಗಣಿತದಿಂದಲ್ಲ, ಗಣಕಯಂತ್ರದಿಂದಲೂ ಅಲ್ಲ. ಸ್ಮಿತ್ಸೋನಿಯನ್ ಸಂಸ್ಥೆಯ ಪತ್ರಾಗಾರಕ್ಕೆ ಶಿಲ್ಪಿಯೇ ಕೊಟ್ಟಿದ್ದ ಹಳೆಯ ಕಾಗದಗಳ ಕಟ್ಟಿನಲ್ಲಿ ಅದು ಸುಮ್ಮನೆ ಬಿದ್ದಿತ್ತು. ಆಗ ಕೇಳಿದವರಿಗೆ ತೆಗೆದು ತೋರಿಸುತ್ತಿದ್ದ ಕಟ್ಟು ಅದು. ಆದರೂ ಹರಾಜು ನಡೆಯಿತು, ಒಂಬತ್ತು ಲಕ್ಷ ಡಾಲರಿಗೂ ಮಿಕ್ಕಿ ಹಣ ಬಂತು. ಮೂವತ್ತೈದು ವರ್ಷ ಲೋಕ ಗೂಢಲಿಪಿಯೊಡನೆ ಸೆಣಸುತ್ತಿದ್ದಾಗ ಕೊನೆಗೆ ಉತ್ತರ ದಕ್ಕಿದ್ದು ಪತ್ರಾಗಾರಕ್ಕೆ ಹೋಗಿ ಕುಳಿತು ಕಾಗದ ತಿರುವಿದವರಿಗೆ. ನಾನು ಹೇಳಹೊರಟಿರುವ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ನಮ್ಮಲ್ಲಿ ಕೊರತೆಯಿರುವುದು ಬಿಡಿಸುವ ಜಾಣತನಕ್ಕಲ್ಲ, ಓದುವ ತಾಳ್ಮೆಗೆ.

ಗುಟ್ಟು ಬೇರೆ, ಮರೆವು ಬೇರೆ. ಗುಟ್ಟಿಗೆ ಅದನ್ನು ಬಚ್ಚಿಟ್ಟ ಒಬ್ಬ ಧಣಿ ಇರುತ್ತಾನೆ. ಬಿಡಿಸುವವನೊಬ್ಬ ಬರಲೆಂದು ಅವನು ಕಾದಿರುತ್ತಾನೆ. ಒಂದು ಕೀಲಿಕೈ ಸಿಕ್ಕರೆ ಆಟ ಮುಗಿಯುತ್ತದೆ. ಸ್ಯಾನ್‌ಬಾರ್ನನ ತಾಮ್ರದ ಹಾಳೆ ಗುಟ್ಟು. ಪರೇಲಿನ ಶಿವ ಗುಟ್ಟಲ್ಲ. ಅದನ್ನು ಕಡೆದವನು ಯಾರಿಂದಲೂ ಏನನ್ನೂ ಮುಚ್ಚಿಡಲಿಲ್ಲ. ಊರ ಜನ ಕಣ್ತುಂಬ ನೋಡಲೆಂದೇ ಎರಡಾಳೆತ್ತರ ಕಡೆದ. ಅಂದಿನ ಭಕ್ತನಿಗೆ ಅದು ಹಗಲಿನಷ್ಟು ನಿಚ್ಚಳವಾಗಿತ್ತು. ಆ ಅರ್ಥದ ಪರಂಪರೆ ನಡುವೆ ಎಲ್ಲೋ ಕಡಿದುಹೋಯಿತು. ಹೀಗೆ ಮರೆತದ್ದನ್ನು ಗುಟ್ಟೆಂದು ಭಾವಿಸಿದ ಕೂಡಲೇ ನಮ್ಮ ಹೊಣೆ ಕಳಚಿಕೊಳ್ಳುತ್ತದೆ. ಮರೆತವರು ನಾವಲ್ಲ, ಮುಚ್ಚಿಟ್ಟವರು ಅವರು ಎಂದಾಗುತ್ತದೆ. ರೋಚಕ ಕಾದಂಬರಿ ನಮಗೆ ಮಾರುವ ಅತಿ ದೊಡ್ಡ ಸಮಾಧಾನ ಇದೇ.

ಘಾರಾಪುರಿಯನ್ನೇ ನೋಡಿ. ಗೇಟ್‌ವೇಯಿಂದ ಒಂದು ಗಂಟೆಯ ದೋಣಿ ಪಯಣ. ಆ ಮಹಾಗುಹೆಯನ್ನು ಕಡೆಸಿದವರಾರು? ಕಲಚುರಿಗಳೆಂದು ಇಂದು ಬಹುಮಂದಿ ವಿದ್ವಾಂಸರು ಹೇಳುತ್ತಾರೆ. ರಾಷ್ಟ್ರಕೂಟರೆಂದು ಹಿಂದೆ ಹೇಳಿದವರಿದ್ದರು. ಐಹೊಳೆ ಶಾಸನದಲ್ಲಿ ರವಿಕೀರ್ತಿ ಬಣ್ಣಿಸುವ ಇಮ್ಮಡಿ ಪುಲಕೇಶಿಯ ಪುರಿ ಮುತ್ತಿಗೆಯನ್ನು ಈ ದ್ವೀಪಕ್ಕೆ ಜೋಡಿಸಿ ಎದೆಯುಬ್ಬಿಸಿಕೊಳ್ಳುವ ಕನ್ನಡಿಗರೂ ಇದ್ದಾರೆ. ಇಷ್ಟೆಲ್ಲ ಊಹೆಗೆ ಕಾರಣ ಒಂದೇ. ಗುಹೆಯ ಬಳಿ ಒಂದು ಶಾಸನದ ಕಲ್ಲಿತ್ತು. ಪೋರ್ಚುಗೀಸರು ಅದನ್ನು ಕಿತ್ತು ತಮ್ಮ ದೊರೆಗೆ ಕಳುಹಿಸಿದರು, ಅಲ್ಲಿ ಯಾರಿಗೂ ಓದಲಾಗಲಿಲ್ಲ ಎಂದು ಅವರದೇ ಚರಿತ್ರೆಕಾರ ದಿಯೋಗೊ ದ ಕೌಟೊ ಬರೆದಿಟ್ಟಿದ್ದಾನೆ. ಆ ಕಲ್ಲು ಮತ್ತೆ ಸಿಗಲಿಲ್ಲ. ಇಲ್ಲಿ ಸಂಚಿಲ್ಲ, ರಹಸ್ಯ ಪಂಗಡವಿಲ್ಲ, ಮಧ್ಯರಾತ್ರಿಯ ಬೆನ್ನಟ್ಟುವಿಕೆಯಿಲ್ಲ. ತನಗೆ ಓದಲಾಗದ ಕಲ್ಲನ್ನು ಸಾಗಿಸಿದ ಒಂದು ಅಧಿಕಾರ, ಆಮೇಲೆ ಉದಾಸೀನ. ಇದನ್ನು ಕಥೆ ಮಾಡಿದರೆ ಯಾರೂ ರಾತ್ರಿಯೆಲ್ಲ ಎದ್ದು ಓದುವುದಿಲ್ಲ. ಆದರೆ ನಮ್ಮ ಚರಿತ್ರೆ ನಿಜವಾಗಿ ಕಳೆದುಹೋದದ್ದು ಹೀಗೆಯೇ.

ಕನ್ನಡದ ಒಳಗೂ ಈ ಚಪಲ ಬೆಳೆದಿದೆ. ಸೋಮನಾಥಪುರದ ವಿಗ್ರಹಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂಥದ್ದೊಂದಿದೆ. ಕೊಲಂಬಸನಿಗೂ ಮೊದಲೇ ಅಮೆರಿಕದ ಈ ಬೆಳೆ ಇಲ್ಲಿಗೆ ಬಂದಿತ್ತೆಂದು 1989ರಲ್ಲಿ ಜೊಹಾನೆಸನ್ ಮತ್ತು ಪಾರ್ಕರ್ ವಾದಿಸಿದರು. 1993ರಲ್ಲಿ ಪಾಯಕ್ ಮತ್ತು ಸಚಾನ್ ಅದೇ ಪತ್ರಿಕೆಯಲ್ಲಿ ಅದು ಜೋಳವಲ್ಲ, ಮುತ್ತಿನ ಹಣ್ಣಾದ ಮುಕ್ತಾಫಲವೆಂಬ ಕಲ್ಪಿತ ಫಲ ಎಂದು ಉತ್ತರ ಕೊಟ್ಟರು. ಕೆ. ಎನ್. ಗಣೇಶಯ್ಯನವರ ‘ಕನಕ ಮುಸುಕು’ ಈ ತೆನೆಯ ಸುತ್ತ ಬೆಳೆದ ಕಾದಂಬರಿ. ಗಣೇಶಯ್ಯನವರು ವಿಜ್ಞಾನಿ; ತಮ್ಮ ಕಥೆಗಳಿಗೆ ಆಧಾರಗಳನ್ನು ಕೊಡುವ ಪ್ರಾಮಾಣಿಕತೆ ಅವರಿಗಿದೆ. ನನ್ನ ಜಗಳ ಅವರೊಡನಲ್ಲ, ಕಾದಂಬರಿ ಮುಚ್ಚಿದ ಮೇಲೆ ಸೋಮನಾಥಪುರಕ್ಕೆ ಹೋಗಿ ತೆನೆಯನ್ನಷ್ಟೇ ಹುಡುಕುವ ನಮ್ಮೊಡನೆ. ಆ ಗುಡಿಯ ಬಾಗಿಲಲ್ಲೇ ದೊಡ್ಡದೊಂದು ಕನ್ನಡ ಶಾಸನ ನಿಂತಿದೆ. ಗುಡಿಯನ್ನು ಯಾರು ಕಟ್ಟಿಸಿದರು, ಖರ್ಚಿಗೆ ಯಾವ ಭೂಮಿ ಬಿಟ್ಟರು ಎಂಬುದನ್ನು ಅದು ಬಾಯಿಬಿಟ್ಟು ಹೇಳುತ್ತದೆ. ವಿಗ್ರಹಗಳ ಪೀಠದಲ್ಲಿ ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರನ್ನೇ ಕೊರೆದಿದ್ದಾನೆ. ಹೆಸರು ಹಾಕಿ ನಿಂತವನಲ್ಲಿ ಗುಟ್ಟು ಹುಡುಕುತ್ತೇವೆ. ಅವನ ಹೆಸರನ್ನು ಮಾತ್ರ ಓದುವುದಿಲ್ಲ.

‘ಸಿರಿಭೂವಲಯ’ದ ಗತಿಯೂ ಇದೇ. ಒಂದರಿಂದ 64ರವರೆಗಿನ ಅಂಕಿಗಳನ್ನು 27 ಸಾಲು, 27 ಕಂಬಗಳ ಚೌಕಗಳಲ್ಲಿ ತುಂಬಿದ ಈ ಗ್ರಂಥವನ್ನು ಯಲ್ಲಪ್ಪ ಶಾಸ್ತ್ರಿಗಳು ಬೆಳಕಿಗೆ ತಂದರು. ಕರ್ಲಮಂಗಲಂ ಶ್ರೀಕಂಠಯ್ಯನವರು 1953ರಲ್ಲಿ ಅದರ ಮೊದಲ ಭಾಗ ಪ್ರಕಟಿಸಿದರು. ಅದರ ಕಾಲದ ಬಗ್ಗೆ, ಭಾಷೆಯ ಬಗ್ಗೆ ವಿದ್ವಾಂಸರಲ್ಲಿ ಗಂಭೀರ ಸಂದೇಹಗಳಿವೆ. ಅವನ್ನು ಇತ್ಯರ್ಥ ಮಾಡಬೇಕಾದ್ದು ಪಠ್ಯದ ಸಾಲುಸಾಲಿನ ಪರೀಕ್ಷೆ. ಆದರೆ ಸಭೆಗಳಲ್ಲಿ ಕೇಳಿಬರುವುದು ಒಂದೇ ಮಾತು: ಇದರಲ್ಲಿ 718 ಭಾಷೆಗಳಿವೆ, ವಿಮಾನವಿದೆ, ಅಣುವಿದೆ. ಅದರಲ್ಲಿ ಕನ್ನಡ ಹೇಗಿದೆ ಎಂದು ಕೇಳುವವರಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ರೋಚಕ ಸಾಹಿತ್ಯ ಓದುಗರನ್ನು ಹುಟ್ಟಿಸುವುದಿಲ್ಲವೇ? ಹುಟ್ಟಿಸುತ್ತದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ ಕನ್ನಡ ಓದಲು ಕಲಿತ ತಲೆಮಾರೇ ಇದೆ. ಬಾಡಿಗೆ ಪುಸ್ತಕದಂಗಡಿಯಿಂದ ತಂದ ಆ ಕಾದಂಬರಿಗಳನ್ನು ಹೀಯಾಳಿಸುವ ಪಂಡಿತರ ಸಾಲಿಗೆ ನಾನು ಸೇರುವವನಲ್ಲ. ಆದರೆ ಪುರುಷೋತ್ತಮ ಕೊಲೆಗಾರನನ್ನು ಹಿಡಿಯುತ್ತಿದ್ದ. ಚರಿತ್ರೆಯನ್ನು ಹಿಡಿದೆನೆಂದು ಹೇಳಿಕೊಳ್ಳಲಿಲ್ಲ. ಅವನನ್ನು ಓದಿದವರು ಅದನ್ನು ಕಥೆಯೆಂದೇ ಓದಿದರು. ಇಂದಿನ ಚಾರಿತ್ರಿಕ ರೋಚಕ ಕಥೆಯನ್ನು ಓದುಗ ಅರ್ಧ ಕಥೆ, ಅರ್ಧ ಸಾಕ್ಷ್ಯ ಎಂದು ಓದುತ್ತಾನೆ. ಈ ನಂಬಿಕೆ ಕಾದಂಬರಿಯ ಹೊರಗೂ ನಡೆದಾಡುತ್ತದೆ, ಕೆಲವೊಮ್ಮೆ ಗುದ್ದಲಿ ಹಿಡಿದು.

ಗುದ್ದಲಿಯ ಮಾತು ಅಲಂಕಾರಕ್ಕಾಗಿ ಹೇಳಿದ್ದಲ್ಲ. 2019ರ ಜುಲೈಯಲ್ಲಿ ಆನೆಗುಂದಿಯ ನವಬೃಂದಾವನ ನಡುಗಡ್ಡೆಯಲ್ಲಿ ವ್ಯಾಸರಾಜರ ಬೃಂದಾವನವನ್ನು ನಿಧಿಗಳ್ಳರು ರಾತ್ರೋರಾತ್ರಿ ಒಡೆದು ಹಾಕಿದರು. ಪುರಂದರದಾಸರ ಗುರುವಿನ ಸಮಾಧಿಯ ಕೆಳಗೆ ಚಿನ್ನವಿದೆ ಎಂದು ನಂಬಿದವರು ಅವರು. ಅವರು ಕಾದಂಬರಿ ಓದಿ ಬಂದರೆಂದು ನಾನು ಹೇಳುತ್ತಿಲ್ಲ. ನಿಧಿಯ ಆಸೆ ಕಾದಂಬರಿಗಿಂತ ಹಳೆಯದು. ಆದರೆ ಕೆತ್ತಿದ ಕಲ್ಲು ಬೇರೇನನ್ನೋ ಮುಚ್ಚಿಟ್ಟಿದೆ ಎಂಬ ನೋಟ ಇಬ್ಬರಿಗೂ ಸಮಾನ. ಕರ್ನಾಟಕದಲ್ಲಿ ಬುಡ ಅಗೆದು ಉರುಳಿಸಿದ ವೀರಗಲ್ಲುಗಳೂ ಮಾಸ್ತಿಕಲ್ಲುಗಳೂ ಈ ನೋಟಕ್ಕೆ ಬಲಿಯಾದವು. ಇಲ್ಲಿ ಮುಂಬಯಿಯ ಸುತ್ತಲ ಹಳ್ಳಿಗಳ ಗದ್ಧೇಗಾಳ ಕಲ್ಲುಗಳದ್ದೂ ಅದೇ ಪಾಡು. ಮೇಲೆ ಸೂರ್ಯಚಂದ್ರ, ನಡುವೆ ಬರಹ, ಕೆಳಗೆ ಕತ್ತೆಯ ಶಾಪಚಿತ್ರ. ಶಿಲಾಹಾರರ ಕಾಲದ ಭೂದಾನವನ್ನು ಮುರಿದವನಿಗೆ ಹಾಕಿದ ಬಯ್ಗುಳ ಅದು. ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲಿ ಎನ್ನುವ ನಮ್ಮ ಶಾಸನಗಳ ಶಾಪಾಶಯಕ್ಕೆ ಹತ್ತಿರದ ಸೋದರ. ಓದಿದರೆ ನೆಲದ ಹಕ್ಕಿನ ಕಾಗದ. ಓದದವರಿಗೆ ಕೆಲವೆಡೆ ಅನಿಷ್ಟ, ಕೆಲವೆಡೆ ಕುಂಕುಮ ಬಳಿದ ದೇವತೆ.

ಕನ್ನಡಕ್ಕೆ ಗೂಢದ ರುಚಿ ಹೊಸತೇನಲ್ಲ. ಅಲ್ಲಮನ ಬೆಡಗಿನ ವಚನಗಳಿವೆ, ಕನಕದಾಸರ ಮುಂಡಿಗೆಗಳಿವೆ, ಮನೆಯಂಗಳದ ಒಗಟುಗಳಿವೆ. ಆದರೆ ಬೆಡಗನ್ನು ಬಿಡಿಸಿದವನಿಗೆ ನಿಧಿ ಸಿಗುವುದಿಲ್ಲ. ಬಿಡಿಸುತ್ತ ಹೋದಂತೆ ಬಿಡಿಸುವವನೇ ಬದಲಾಗಬೇಕು ಎಂಬುದು ಅದರ ಕರಾರು. ಈ ಊರಿನಲ್ಲೇ ಕುಳಿತು ಯಶವಂತ ಚಿತ್ತಾಲರು 1979ರಲ್ಲಿ ಕೊಟ್ಟ ‘ಶಿಕಾರಿ’ಯನ್ನು ನೆನೆಯಿರಿ. ತನ್ನ ಮೇಲಿನ ಆರೋಪವೇನೆಂದೇ ತಿಳಿಯದ ನಾಗಪ್ಪ, ಯಾರ ಸಂಚು ಎಂಬ ಪ್ರಶ್ನೆ, ಪುಟಪುಟಕ್ಕೂ ಬಿಗಿಯುವ ಭಯ: ಪತ್ತೇದಾರಿಯ ಸಾಮಗ್ರಿಯೆಲ್ಲ ಅದರಲ್ಲಿದೆ. ಆದರೆ ಹುಡುಕಾಟ ತಿರುಗಿ ಹುಡುಕುವವನ ಮೇಲೆಯೇ ಬೀಳುತ್ತದೆ. ರೋಚಕತೆಯನ್ನು ಹೀಗೂ ದುಡಿಸಬಹುದೆಂದು ತೋರಿಸಿದ ಊರು ಇದು. ಅಂಥ ಊರಿನ ಓದುಗರಾದ ನಾವು ಇನ್ನೊಬ್ಬರ ತಾಮ್ರದ ಹಾಳೆಗೆ ಬೆರಗಾಗಿ ನಿಲ್ಲುವುದು ನಮಗೆ ಶೋಭಿಸದು.

ಹಾಗಾದರೆ ಮಾಡಬೇಕಾದ್ದೇನು? ಮಾಟುಂಗದಿಂದ ಡೊಂಬಿವಿಲಿಯವರೆಗೆ ನಮ್ಮ ಸಂಘಗಳಿಗೆ ಸಭಾಂಗಣಗಳಿವೆ, ಕಲಿನಾದಲ್ಲಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ವರ್ಷಕ್ಕೊಂದು ಸನ್ಮಾನ ಸಮಾರಂಭವನ್ನು ಕಡಿಮೆ ಮಾಡಿ ಹಳಗನ್ನಡ ಲಿಪಿಯನ್ನು ಓದಲು ಕಲಿಸುವ ಒಂದು ತರಗತಿ ನಡೆಸಬಹುದು. ಬಿ. ಎಲ್. ರೈಸ್ ಸಂಗ್ರಹಿಸಿ ಅಚ್ಚು ಹಾಕಿಸಿದ ಸುಮಾರು ಒಂಬತ್ತು ಸಾವಿರ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳಲ್ಲಿ ಎಲ್ಲರಿಗೂ ತೆರೆದಿವೆ. ಒಂದಕ್ಕೂ ಗುಪ್ತಸಂಕೇತವಿಲ್ಲ.

ಭಾನುವಾರ ಬೋರಿವಲಿಯ ಉದ್ಯಾನಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವ ಕನ್ನಡ ಸಂಸಾರಗಳು ಕನ್ಹೇರಿಯ ಗುಹೆಗಳ ನೆರಳಲ್ಲಿ ಉಣ್ಣುತ್ತವೆ. ಆ ಗುಹೆಗಳಲ್ಲಿ ಶಕ 765, 775, 799ರ ಮೂರು ಶಾಸನಗಳಿವೆ. ಅವು ಹೇಳುವ ಚಕ್ರವರ್ತಿ ಅಮೋಘವರ್ಷ. ಯಾರ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತೋ ಅದೇ ನೃಪತುಂಗ. ಭಾಷೆ ಸಂಸ್ಕೃತ, ವಿಷಯ ಸರಳ. ಅವನ ಶಿಲಾಹಾರ ಸಾಮಂತರ ಕಾಲದಲ್ಲಿ ಇಲ್ಲಿನ ಬೌದ್ಧ ಭಿಕ್ಷುಗಳಿಗೆ ಕೊಟ್ಟ ದತ್ತಿಯ ಲೆಕ್ಕ. ವಿಹಾರದ ದುರಸ್ತಿಗೆ ಇಷ್ಟು, ಚೀವರಕ್ಕೆ ಇಷ್ಟು, ಪುಸ್ತಕ ಕೊಳ್ಳಲು ಇಷ್ಟು. ಸಾವಿರದ ನೂರು ವರ್ಷಗಳ ಹಿಂದೆ ಈ ಊರಿನ ಕಲ್ಲಿನಲ್ಲಿ ಪುಸ್ತಕಕ್ಕೆಂದು ಹಣ ತೆಗೆದಿಟ್ಟ ಮಾತು ಬಯಲಲ್ಲೇ ಇದೆ. ಅದನ್ನು ಯಾರೂ ಬಚ್ಚಿಟ್ಟಿಲ್ಲ.